ನಾಲ್ಕು ಸೆಕೆಂಡು ಮುಂದಿದ್ದ ಊರು

ನನ್ನ ರಿಪೇರಿ ಅಂಗಡಿಯ ಹಳೆಯ ರೇಡಿಯೋದಲ್ಲಿ ಒಂದು ಕೆಂಪು ಮುಳ್ಳಿತ್ತು. ಅದನ್ನು ನಾನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಸಮುದ್ರದಾಚೆಯ ಸುದ್ದಿಗಾರನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಸುಳ್ಳೆನಿಸಿದರೆ ಬಿಡಿ; ಆಗ ನನ್ನ ಬೆರಳಿನ ಹದವೇ ಹಾಗಿತ್ತು.

ಪುರಸಭೆಯ ಸೈರನ್ ಕೂಗಿಸುವ ದ್ಯಾವಣ್ಣನ ಬಳಿಯೂ ನಾನೇ ಜೀವ ತುಂಬಿದ ಅಂಥದೊಂದು ರೇಡಿಯೋ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಅದರಲ್ಲಿ ಸಮಯ ಸಾರುವ ಕೊನೆಯ ‘ಪೀಂ’ ಕೇಳಿದ ಕ್ಷಣ ಅವನು ಗುಂಡಿ ಒತ್ತುತ್ತಿದ್ದ. ಆ ಕೂಗಿಗೆ ಊರಿನ ಗಡಿಯಾರಗಳೆಲ್ಲ ತಲೆಬಾಗುತ್ತಿದ್ದವು. ಖಾನಾವಳಿಯ ಅನ್ನದ ತಪ್ಪಲೆಯ ಮುಚ್ಚಳ ತಾನಾಗಿಯೇ ಏಳುತ್ತಿತ್ತು.

ಅಷ್ಟರಲ್ಲಿ ಸರ್ಕಾರ ಹಳೆಯ ಪ್ರಸಾರ ನಿಲ್ಲಿಸಿ ಡಿಜಿಟಲ್ ತರುತ್ತದೆಂಬ ಸುದ್ದಿ ಬಂತು. ಊರು ಎರಡು ಪಾಲಾಯಿತು. ಹೊಸದರಲ್ಲಿ ಗೊರಗೊರ ಸದ್ದಿಲ್ಲ ಎಂದು ಒಂದು ಪಕ್ಷ. ಗೊರಗೊರವಿಲ್ಲದ ಸುದ್ದಿಯನ್ನು ನಂಬುವುದು ಹೇಗೆ ಎಂದು ನಮ್ಮ ಪಕ್ಷ. ಬೀಗರು ಬೀಗರು ಮಾತು ಬಿಟ್ಟರು.

ಅಹವಾಲು ಕೇಳಲು ವಾಮನಮೂರ್ತಿ ಎಂಬ ಅಧಿಕಾರಿ ಹೊಸ ರೇಡಿಯೋ ಹಿಡಿದು ಬರುವವರಿದ್ದರು. ಅಂಗಡಿಗೆ ಮಾದರಿಗೆಂದು ಬಂದಿದ್ದ ಹೊಸ ಸೆಟ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ನಾನು ಮೊದಲೇ ಗುಟ್ಟು ಹಿಡಿದಿದ್ದೆ: ಹೊಸದು ನಾಲ್ಕು ಸೆಕೆಂಡು ತಡವಾಗಿ ಮಾತಾಡುತ್ತದೆ. ಹಾಗಾಗಿ ಸಭೆಯನ್ನು ಒಂದು ಗಂಟೆಗೇ ಇಡಿಸಿದೆ.

"ಸಾಹೇಬ್ರೇ, ನಿಮ್ಮ ಪೆಟ್ಟಿಗೆ ನಮ್ಮ ದ್ಯಾವಣ್ಣನ ಮುಂದೆ ಸೋಲುತ್ತೆ. ಕಿವಿಗಿಟ್ಟುಕೊಂಡು ಕೇಳಿ," ಎಂದೆ.

ಸೈರನ್ ಕೂಗಿತು. ನಾಲ್ಕು ಸೆಕೆಂಡು ಕಳೆದ ಮೇಲೆ ಸಾಹೇಬರು, ಈಗ ಬಂತು ಎಂಬಂತೆ ಬೆರಳೆತ್ತಿದರು. ಸಭೆ ಶಿಳ್ಳೆ ಹೊಡೆಯಿತು. ನನ್ನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಎರಡು ಗುಂಡಿ ಹಾರಿ ಪುರಸಭೆ ಅಧ್ಯಕ್ಷರ ಟೀ ಲೋಟಕ್ಕೆ ಬಿದ್ದವು.

"ದಿನಾ ಹೀಗೇನಾ?" ಸಾಹೇಬರು ಕೇಳಿದರು.

"ದಿನಾ ಸ್ವಾಮಿ. ಒಂದು ದಿನ ತಪ್ಪಿದ್ದರೆ ನನ್ನ ಮೀಸೆ ಬೋಳಿಸಿ."

ಅವರು ತಲೆದೂಗಿ ಬರೆದುಕೊಂಡು ಹೋದರು. ತಿಂಗಳಾದ ಮೇಲೆ ಆದೇಶ ಬಂತು. ಹಳೆಯ ಪ್ರಸಾರ ನಿಲ್ಲುತ್ತದೆ. ಈ ಊರಿನ ಸೈರನ್ ನಾಲ್ಕು ಸೆಕೆಂಡು ಮುಂದಿರುವುದು ತನಿಖೆಯಲ್ಲಿ ಕಂಡುಬಂದಿದೆ; ನೌಕರನು ತಪ್ಪು ತಿದ್ದಿಕೊಳ್ಳತಕ್ಕದ್ದು; ಮರುಕಳಿಸಿದರೆ ಕೆಲಸದಿಂದ ತೆಗೆಯಲಾಗುವುದು.

ಹಳೆಯ ಪ್ರಸಾರದ ಕೊನೆಯ ದಿನ, ಸೈರನ್ ಕೂಗಿಸಿದವನೇ ದ್ಯಾವಣ್ಣ ಆ ಕಾಗದ ಹಿಡಿದು ಅಂಗಡಿಗೆ ಬಂದ.

"ಮೂವತ್ತೊಂದು ವರ್ಷ ಕಣಪ್ಪ. ಹೆಂಡತಿ ಹೆರಿಗೆ ದಿನಾನೂ ತಪ್ಪಿಸಲಿಲ್ಲ. ನಿನ್ನ ಬಾಯಿಂದ ಇವತ್ತು ನಾನು ತಪ್ಪುಗಾರ."

ನಾನು ಹೊಸ ಸೆಟ್ಟನ್ನು ಅವನ ಮುಂದೆ ಸರಿಸಿದೆ.

"ನಾಳೆಯಿಂದ ಹೊಸದನ್ನೇ ಕೇಳಿ ಒತ್ತು ದ್ಯಾವಣ್ಣ," ಎಂದೆ. "ಕೆಲಸ ಉಳಿಯುತ್ತೆ."

"ಉಳಿಯೋದು ಕೆಲಸ ಮಾತ್ರ," ಎಂದ. ಎರಡು ಗಂಟೆಯ ‘ಪೀಂ’ ಬರುವವರೆಗೂ ಕೂತಿದ್ದು, ಅದಕ್ಕೆ ತನ್ನ ಕೈಗಡಿಯಾರವನ್ನು ಸರಿಹೊಂದಿಸಿಕೊಂಡು ಎದ್ದು ಹೋದ.

ಮರುದಿನ ಮಧ್ಯಾಹ್ನ ಹಳೆಯ ರೇಡಿಯೋ ಬರೀ ಗೊರಗುಟ್ಟುತ್ತಿತ್ತು. ನಾನು ಹೊಸದಕ್ಕೆ ಕಿವಿಯಿಟ್ಟು ಕೂತೆ. ಅದಿನ್ನೂ ತಲೆನೋವಿನ ಗುಳಿಗೆ ಮಾರುತ್ತಿದ್ದಾಗಲೇ ಸೈರನ್ ಕೂಗಿತು. ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ಆಮೇಲೆ ‘ಪೀಂ’.

ರಸ್ತೆಯಲ್ಲಿ ಎಲ್ಲರೂ ಗಡಿಯಾರಕ್ಕೆ ಕೈಹಾಕಿದ್ದು ಸೈರನ್ನಿಗೇ, ಹೊಸ ರೇಡಿಯೋ ಪಕ್ಷದವರೂ ಕೂಡ. ದ್ಯಾವಣ್ಣನ ಮೇಲೆ ಯಾರೂ ದೂರು ಬರೆಯಲಿಲ್ಲ. ಹಳೆಯ ರೇಡಿಯೋದ ಕೆಂಪು ಮುಳ್ಳು ನಿಂತಲ್ಲೇ ನಿಂತಿತ್ತು. ಅದನ್ನು ನಾನು ಇಂದಿಗೂ ಕದಲಿಸಿಲ್ಲ.