ಕಲಾಯಿಯವನ ನೂರು ಬೆಸುಗೆ

ಮುಳಗುಂದದ ಅಬ್ದುಲಗನಿ ಮೂವತ್ತು ವರ್ಷ ಊರಿನ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದವನು. ಪ್ರತಿ ಪಾತ್ರೆಯ ಕಂಠದ ಮೇಲೂ ಒಂದು ಹೆಸರು ಕೊರೆದಿರುತ್ತಿತ್ತು. ಮದುವೆಗೆ ಉಡುಗೊರೆ ಕೊಟ್ಟ ಸೋದರಮಾವನದೋ ದೊಡ್ಡಪ್ಪನದೋ. ಕಲಾಯಿಯವನ ಹೆಸರು ಯಾವುದರ ಮೇಲೂ ಇರಲಿಲ್ಲ. ಅವನು ಹಾಕಿದ ತವರವಂತೂ ನಾಲ್ಕು ತಿಂಗಳಿಗೆ ಸವೆದು ಹೋಗುತ್ತಿತ್ತು. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು, ಆದರೆ ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆಂದು ಸುಮ್ಮನಿದ್ದ. ಈಗ ಮನೆಮನೆಗೂ ಸ್ಟೀಲ್ ಪಾತ್ರೆ ಬಂದು ಕಲಾಯಿಯೇ ಯಾರಿಗೂ ಬೇಡವಾಗಿತ್ತು.

ಅಂಥ ಹೊತ್ತಿನಲ್ಲಿ, ಎಂಬತ್ತೈದರ ಫೆಬ್ರುವರಿಯಲ್ಲಿ, ಹೈಸ್ಕೂಲಿನ ವಿಜ್ಞಾನದ ಜಯತೀರ್ಥ ಮಾಸ್ತರು ಅವನ ಕುಲುಮೆಗೆ ಬಂದರು. ಶಾಲೆಯ ರೇಡಿಯೋ ನಡೆಸಲೆಂದು ಮಾಳಿಗೆಯ ಮೇಲೆ ಒಂದು ಸೌರ ಫಲಕ ಕೂಡಿಸಿದ್ದರು. ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತರಲ್ಲಿ ಒಂದು ಪಾಲು ಕರೆಂಟಾದರೆ ಹೆಚ್ಚು, ಮಿಕ್ಕಿದ್ದೆಲ್ಲ ಕಾವಾಗಿ ವ್ಯರ್ಥ ಹೋಗುತ್ತದೆ ಎಂಬುದು ಮಾಸ್ತರರ ಸಂಕಟ. ತಾಮ್ರದ ತಂತಿ, ಕಬ್ಬಿಣದ ತಂತಿ ಬೆಸೆದು, ಒಂದು ಬೆಸುಗೆ ಬಿಸಿಗೆ, ಇನ್ನೊಂದು ತಂಪಿಗೆ ಇಟ್ಟರೆ ಆ ಕಾವಿನಿಂದಲೂ ಚೂರು ಕರೆಂಟು ಹುಟ್ಟುತ್ತದಂತೆ. ಒಂದು ಜೋಡಿಯಿಂದ ಏನೂ ಆಗದು, ಸಾಲಾಗಿ ನೂರು ಬೇಕು. ಮಾಸ್ತರರು ಸ್ವತಃ ಬೆಸೆಯಲು ಹೋಗಿ ಬೆರಳು ಸುಟ್ಟುಕೊಂಡಿದ್ದರು. ಅವರು ಬೆಸೆದ ಹನ್ನೊಂದರಲ್ಲಿ ಒಂಬತ್ತು ಕಳಚಿ ಕೈಗೆ ಬಂದಿದ್ದವು.

ಕೂಲಿ ಏನೆಂದು ಕೇಳಿದಾಗ ಅಬ್ದುಲಗನಿ ಹೆಸರು ಬರೆಯುತ್ತೀರಾ ಎಂದು ಕೇಳಿಬಿಟ್ಟ. ಮಾಸ್ತರರು ಒಪ್ಪಿದರು. ಶನಿವಾರ ಗದಗದಲ್ಲಿ ವಿಜ್ಞಾನ ಪ್ರದರ್ಶನ; ಅಲ್ಲಿ ಹಲಗೆಯ ಮೇಲೆ ಅವನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಒಂದೇ ಮಾತು, ಕರೆಂಟು ಅಳೆಯುವ ಮಾಪಕದ ಮುಳ್ಳು ಸರಿಯಬೇಕು. ಸರಿಯದಿದ್ದರೆ ಹೆಡ್‌ಮಾಸ್ತರರು ಅದನ್ನು ಗದಗಕ್ಕೆ ಕಳಿಸುವುದಿಲ್ಲ.

ಸುಟ್ಟ ಪಂಪಿನ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚಿ, ಕೆರೆದು, ಅಬ್ದುಲಗನಿ ನೂರು ಜೋಡಿ ಹೆಣೆದ. ತಂಪಿನ ಬದಿಗೆ ಹಸಿ ಮರಳು ತುಂಬಲು ಹೆಂಡತಿ ರಮಜಾನಬಿಯ ಮದುವೆಯ ತಾಮ್ರದ ಅಗಲ ತಟ್ಟೆ, ಪರಾತವನ್ನೇ ತಂದ. ಅದರ ಅಂಚಿನ ಮೇಲೆ ಅವಳ ಸೋದರಮಾವ ಶೇಖಸಾಬನ ಹೆಸರಿತ್ತು.

ಗುರುವಾರ ಮಧ್ಯಾಹ್ನ ಫಲಕದ ಬೆನ್ನಿಗೆ ಅದನ್ನು ಕಟ್ಟಿದರು. ಫಲಕ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಮುಳ್ಳು ಮಾತ್ರ ಸೊನ್ನೆ ಬಿಟ್ಟು ಅಲುಗಲಿಲ್ಲ. ಮಾಸ್ತರರು ತಂತಿಗಳನ್ನು ತಿರುವಿ ನೋಡಿ ಹಣೆ ಒರೆಸಿಕೊಂಡರು. ಬೆಸುಗೆಗಳ ಎರಡೂ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಕಲಾಯಿ ಹೊಳೆಯುತ್ತಿತ್ತು. ತಾಮ್ರವನ್ನು ಬರಿದೇ ಬಿಟ್ಟರೆ ಕಿಲುಬು ಹಿಡಿಯುತ್ತದೆ, ಅಬ್ದುಲಗನಿಯ ಮನೆತನದಲ್ಲಿ ಯಾರೂ ಹಾಗೆ ಬಿಟ್ಟವರಲ್ಲ. ನವಸಾಗರದ ಪುಡಿ ಉದುರಿಸಿ, ತವರ ಕರಗಿಸಿ, ಅರಳೆಯಿಂದ ಒರೆಸಿ ಪಾತ್ರೆಗೆ ಮಾಡುವಂತೆಯೇ ಮಾಡಿದ್ದ.

“ಗನೀಸಾಬ್ರ, ಕೆಲಸ ಭಾಳ ಚಂದ ಆಗೇತಿ. ಆದ್ರ ನೂರು ಬೆಸುಗಿನೂ ನೀವು ಒಂದಾ ಮಾಡೀರಿ. ಕರೆಂಟು ಒಂದೊಂದನ್ನೂ ದಾಟಿ ಹೋಗಬೇಕು. ನಡುವಿನ ತವರ ತೆಗೀಬೇಕು.”

“ನಾ ಹಾಕಿದ ಕಲಾಯಿ ನಾನ ತೆಗೀಬೇಕೇನ್ರಿ ಮಾಸ್ತರ?”

ಸಿಟ್ಟು ಬಂತು, ಸಿಟ್ಟಿಗಿಂತ ನಾಚಿಕೆ ಹೆಚ್ಚು ಬಂತು. ಮನೆಗೆ ಹೋಗಿ, ಓದಿದವರ ಸಹವಾಸವೇ ಬೇಡ ಎಂದು ಗೊಣಗಿದ. ರಮಜಾನಬಿ ಸಮಾಧಾನ ಹೇಳುವ ಪೈಕಿಯಲ್ಲ. ಪರಾತ ಒಯ್ದದ್ದು ಒಯ್ದಾಗಿದೆ, ಕೆಲಸ ಮುಗಿಸದೆ ಅದನ್ನು ವಾಪಸ್ಸು ತಂದರೆ ಒಳಗೆ ಇಡಗೊಡುವುದಿಲ್ಲ ಎಂದಳು.

ಶುಕ್ರವಾರ ನಮಾಜು ಮುಗಿಸಿ ಬಂದು ಕುಲುಮೆ ಹೊತ್ತಿಸಿದ. ಅವಳು ತಿದಿ ಒತ್ತಿದಳು. ಜೀವಮಾನದಲ್ಲಿ ಮೊದಲ ಸಲ ತಾನು ಹಾಕಿದ ತವರವನ್ನು ತಾನೇ ಕರಗಿಸಿ ಝಾಡಿಸಿದ. ಬೆಸುಗೆ ಬೆಸುಗೆಯ ನಡುವೆ ಎಣ್ಣೆಕಾಗದ ತೂರಿಸಿದ. ಕೆಲಸ ಈಗ ನೋಡಲು ಹರಕು ಮುರುಕಾಗಿ, ಕಲಿಯುವವನ ಕೈಯದೆಂಬಂತೆ ಕಂಡಿತು. ಮೂರೂವರೆಗೆ ಮಾಳಿಗೆ ಹತ್ತಿ ಕಟ್ಟಿದರು. ಮುಳ್ಳು ಮೆಲ್ಲಗೆ ಎದ್ದು ಹದಿನೆಂಟನೆಯ ಗೆರೆಗೆ ಹೋಗಿ ನಿಂತಿತು. ಅಬ್ದುಲಗನಿಗೆ ಕಣ್ಣು ತುಂಬಿ ಬಂದವು. ಬಿಸಿಲಿಗೆ ಹೀಗಾಯಿತು ಎಂದ.

ಗದಗದಲ್ಲಿ ಪರೀಕ್ಷಕರು ಇದರಿಂದ ಯಾವ ದೀಪ ಹತ್ತುತ್ತದೆ ಎಂದು ಕೇಳಿದರು. ಬ್ಯಾಟರಿಯ ಚಿಕ್ಕ ಬಲ್ಬು ಹತ್ತಬೇಕಾದರೂ ಇಂಥವು ಎಪ್ಪತ್ತಾದರೂ ಬೇಕು ಎಂದು ಮಾಸ್ತರರು ಇದ್ದದ್ದು ಇದ್ದಂತೆ ಹೇಳಿದರು. ಪರೀಕ್ಷಕರು ಮುಂದೆ ನಡೆದರು. ಬಹುಮಾನ ಮಣ್ಣಿನ ಜ್ವಾಲಾಮುಖಿಗೆ ಹೋಯಿತು. ಹಲಗೆಯ ಮೇಲೆ ಮಾತ್ರ “ಕೆಲಸ: ಅಬ್ದುಲಗನಿ, ಮುಳಗುಂದ” ಎಂದು ಸಂಜೆಯವರೆಗೂ ಇತ್ತು. ಓದಲು ಬಾರದ ಅವನು ಅದರ ಎದುರಿಗೇ ನಿಂತಿದ್ದ.

ಸೋಮವಾರ ಅದನ್ನೆಲ್ಲ ಮತ್ತೆ ಫಲಕದ ಹಿಂದೆ ಕಟ್ಟುವಾಗ ಮಾಸ್ತರರು ಪರಾತದ ಅಂಚು ನೋಡಿದರು. ಶೇಖಸಾಬನ ಹೆಸರಿನ ಪಕ್ಕದಲ್ಲಿ, ಹಲಗೆಯ ಅಕ್ಷರ ನೋಡಿ ನೋಡಿ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಐದಕ್ಷರ ಹೊಸದಾಗಿ ಹೊಳೆಯುತ್ತಿದ್ದವು. ಫಲಕದ ಹಿಂದೆ, ಗೋಡೆಯ ಕಡೆ ಇದನ್ನು ಯಾರು ಓದುತ್ತಾರೆ ಎಂದು ಕೇಳಿದರು.

“ಯಾರೂ ಓದೂದು ಬ್ಯಾಡ್ರಿ ಮಾಸ್ತರ. ಇದು ನಾಕು ತಿಂಗಳಿಗೆ ಸವಿಯೂದಿಲ್ಲ, ಅಷ್ಟ ಸಾಕು.”

ಹಾಗೆಂದು ಅಬ್ದುಲಗನಿ ಕೊಡದಿಂದ ನೀರು ಬಗ್ಗಿಸಿ ಮರಳು ತೋಯಿಸಿದ, ಮುಳ್ಳು ಏಳುವುದನ್ನು ನೋಡುತ್ತ ಕುಳಿತ.