ಮೂರೂವರೆ ಕಾಲಿನ ಕುರ್ಚಿ

ಈರುಳ್ಳಿ ಬೆಣ್ಣೆಯಲ್ಲಿ ಸೀಯುತ್ತಿದೆ, ಸೀಯಲಿ, ಅದಲ್ಲ ವಿಷಯ, ಟೀವಿಯವರ ಆ ಹೆಡ್‌ಫೋನಿನ ಹೆಂಗಸು ಮತ್ತೆ ಕುರ್ಚಿಯ ಕಡೆ ನೋಡಿದಳು, ಆಮೇಲೆ ಇವನ ಕಡೆ, ಆಮೇಲೆ ಕೈಯ ಹಾಳೆಯಲ್ಲಿ ಏನೋ ಗೀಚಿಕೊಂಡಳು — ರೀಜಿಸ್ ಡುಡಾಶ್ ತನ್ನ ಮನೆಯ ಮೆಟ್ಟಿಲ ಮೇಲೆ ಕಾಗದದ ತಟ್ಟೆ ಹಿಡಿದು ಕೂತು, ಆರಿದ ಪಿಯರೋಗಿ ಕಡುಬನ್ನು ಚಮಚದಿಂದ ಆ ಕಡೆಗೂ ಈ ಕಡೆಗೂ ಉರುಳಿಸುತ್ತ, ಏನನ್ನೂ ನೋಡುತ್ತಿಲ್ಲ ಎಂಬಂತೆ ಎಲ್ಲವನ್ನೂ ನೋಡುತ್ತಿದ್ದ. ಇಡೀ ಪಿಟ್ಸ್‌ಬರ್ಗಿನಲ್ಲಿ ನದಿಯ ದಂಡೆಗೆ ಅಷ್ಟು ಸಮತಟ್ಟು ಜಾಗ ಬಿದ್ದಿರುವಾಗ ಒಂದು ಆಟದ ಚಾನೆಲ್ಲಿಗೆ ಬೀದಿ ಔತಣ ಮಾಡಲು ಪುಲಾಸ್ಕಿ ಬೀದಿಯೇ ಯಾಕೆ ಬೇಕಾಯಿತು, ಬೀದಿಯಲ್ಲ ಇದು, ಏಣಿ, ಮೇಲ್ಮನೆಯವರು ಸೀನಿದರೆ ಕೆಳಮನೆಯವರು ಒದ್ದೆಯಾಗುತ್ತಾರೆ, ಕ್ಯಾಮೆರಾದ ಚಕ್ರಗಳಿಗೆಲ್ಲ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ, ಆದರೂ ಇಲ್ಲೇ ಬಂದರು, ನಮಗೆ ನಿಜವಾದ ನೆರೆಹೊರೆ ಬೇಕು ಅಂದರಂತೆ, ನಿಜವಾದ! ಅಗೋ ಒಲಿಂಪಿಕ್ಸಿನಲ್ಲಿ ಪದಕ ಗೆದ್ದ ಹಾಕಿ ಗೋಲ್‌ಕೀಪರ್, ಬೀದಿಯ ಮಕ್ಕಳು ಹೊಡೆದ ಚೆಂಡನ್ನೆಲ್ಲ ಬೇಕಂತಲೇ ಬಿಡುತ್ತಿದ್ದಾಳೆ, ಅಗೋ ಬೇಸ್‌ಬಾಲಿನ ಎಸೆತಗಾರ, ಯಾರದೋ ಕೂಸನ್ನು ಎತ್ತಿಕೊಂಡಿದ್ದಾನೆ, ಅಭ್ಯಾಸಬಲದಿಂದ ಎಸೆದಾನೇನೋ ಎಂದು ತಾಯಿ ಕೈಚಾಚಿಯೇ ನಿಂತಿದ್ದಾಳೆ, ಇವರಿಬ್ಬರೂ ಇರಲಿ, ಇವರಿಂದ ತೊಂದರೆಯಿಲ್ಲ, ಮೂರು ಗಂಟೆಗೆ ಬರುತ್ತಾನಲ್ಲ ಅವನು, ಲಾಮಾರ್ ಫಾಂಟನೋ, ಗೂಳಿ ಫಾಂಟನೋ, ಹನ್ನೊಂದು ವರ್ಷ ಈ ಊರಿನ ಫುಟ್‌ಬಾಲ್ ತಂಡದಲ್ಲಿ ಎದುರಾಳಿಗಳನ್ನು ತಲೆಕೆಳಗು ಮಾಡಿದವನು, ಅವನೇ ಯಾಕೆ, ಬೇರೆ ಆಟಗಾರರು ಸತ್ತುಹೋಗಿದ್ದಾರಾ. ಏನ್ ಭಾವ, ನಿಮ್ ಫ್ರೆಂಡು ಬರ್ತಿದ್ದಾನೆ, ಗಡ್ಡನಾದ್ರೂ ಕೆರ್ಕೊಳ್ಳೋದಲ್ವಾ, ಎಂದ ಚೆಟ್, ಹೆಂಡತಿ ಮಾರ್ಲೀನಳ ತಮ್ಮ, ಬಾಯಲ್ಲಿ ಸಾಸೇಜು, ಕಣ್ಣಲ್ಲಿ ಕಿಡಿ. ಇವನೇ. ಇವನೇ ಚಾನೆಲ್ಲಿಗೆ ಬರೆದಿರಬೇಕು, ಕಳೆದ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಕೇಳಿದ್ದನಲ್ಲ, ಅಲ್ಲ ಭಾವ, ಆ ಜೀಪು ಯಾವ ಕಂಪನೀದು ಅಂದ್ರಿ, ಎಂದು, ಮೂವತ್ತೊಂದು ವರ್ಷ ಆದ ಮೇಲೆ ಯಾರಾದರೂ ಕಂಪನಿ ಕೇಳುತ್ತಾರಾ. ಹೆಗಲು ಮುಟ್ಟಿಕೊಳ್ಳಬಾರದು, ರೀಜಿಸ್ ತನಗೇ ಹೇಳಿಕೊಂಡ, ಏನಾದರೂ ಆಗಲಿ ಹೆಗಲು ಮಾತ್ರ ಮುಟ್ಟಿಕೊಳ್ಳಬಾರದು.

ಮತ್ತೆ ಪೆಟ್ರಿಲಾ ಮನೆಯ ಆ ಕುರ್ಚಿ ಯಾಕೆ ಹೊರಗೆ ಬಂತು, ಸೆಪ್ಟೆಂಬರಿನಲ್ಲಿ ಯಾರ ಕುರ್ಚಿಯೂ ಬೀದಿಗೆ ಬರುವುದಿಲ್ಲ, ಹಿಮ ಬೀಳಬೇಕು, ಗುದ್ದಲಿ ಹಿಡಿದು ಬೆನ್ನು ಮುರಿದುಕೊಂಡು ಕಾರಿನಷ್ಟು ಜಾಗ ತೋಡಬೇಕು, ಕಾರು ತೆಗೆದು ಹೊರಟಾಗ ಆ ಜಾಗದಲ್ಲಿ ಒಂದು ಕುರ್ಚಿ ಇಡಬೇಕು, ಮುಗಿಯಿತು, ಅದು ಗರ್ಭಗುಡಿ, ಮೇಯರ್ ಬಂದರೂ ಮುಟ್ಟುವ ಹಾಗಿಲ್ಲ, ಬಿದ್ದಿದ್ದರೆ ಎತ್ತಿ ನಿಲ್ಲಿಸುವ ಹಾಗೂ ಇಲ್ಲ, ಇನ್ನೊಬ್ಬರ ಹೆಂಡತಿಯನ್ನು ನೋಡಿದವರನ್ನು ಈ ಬೀದಿ ಒಂದು ಬೇಸಿಗೆಯಲ್ಲಿ ಕ್ಷಮಿಸಿದೆ, ಇನ್ನೊಬ್ಬರ ಕುರ್ಚಿ ಸರಿಸಿದ ಬೊಹಾಚ್‌ನ ಮನೆಯವರು ಎರಡೇ ವರ್ಷದಲ್ಲಿ ಮನೆ ಮಾರಿ ಪಕ್ಕದ ರಾಜ್ಯ ಒಹಾಯೋಗೆ ಹೋದರು, ಒಹಾಯೋಗೆ! ಅಂಥ ಬೀದಿಯಲ್ಲಿ ತೊಂಬತ್ತಮೂರರ ಮಾರ್ಚಿನಲ್ಲಿ, ಸೊಂಟದ ಮಟ್ಟಕ್ಕೆ ಬಿದ್ದ ಆ ಹಿಮದಲ್ಲಿ, ಶನಿವಾರ ಸಂಜೆ ನಾಲ್ಕು ಗಂಟೆಗೆ, ಇವನು — ಬೇಡ, ಅದನ್ನು ಈಗ ಯೋಚಿಸಬೇಡ, ಮುಖದಲ್ಲಿ ಕಾಣುತ್ತದೆ — ಇವನು ಕಾರಿನ ಸೊಟ್ಟು ತೆಗೆದು ಬಣ್ಣ ಹೊಡೆಯುವ ಅಂಗಡಿಯಿಂದ ಗಿರಾಕಿಯ ಕಪ್ಪು ಜೀಪು ಹೇಳದೆ ಕೇಳದೆ ಓಡಿಸಿಕೊಂಡು ಬಂದಿದ್ದ, ತನ್ನ ಕಾರು ಎಲ್ಲೋ ಹಿಮದಡಿ ಹೂತಿತ್ತು, ಮಾರ್ಲೀನ್ ತವರಿಗೆಂದು ಜಾನ್ಸ್‌ಟೌನಿಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು, ಇಡೀ ಬೀದಿಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ನೆರೆಮನೆಯ ಆಂಡಿ ಪೆಟ್ರಿಲಾ ಐದು ಗಂಟೆ ತೋಡಿದ್ದು, ಗಾರೆಯವನು ಕೆರೆದ ಹಾಗೆ ನುಣ್ಣಗೆ ತೋಡಿದ್ದು, ನಡುವೆ ಕೆಂಪು ಬಣ್ಣದ ಮರದ ಕುರ್ಚಿ, ಗಂಡ ಹೆಂಡತಿ ಚರ್ಚಿನ ಶನಿವಾರದ ಪ್ರಾರ್ಥನೆಗೆ ಹೋಗಿದ್ದರು. ಹತ್ತು ನಿಮಿಷ ಅಷ್ಟೇ, ಒಣ ಬಟ್ಟೆ ಹಾಕಿಕೊಂಡು ಬರುತ್ತೇನೆ, ಹತ್ತೇ ನಿಮಿಷ. ಕುರ್ಚಿಯ ಬೆನ್ನು ಹಿಡಿದು ಎತ್ತಿದ, ಹಿಂದಿನ ಎಡಗಾಲು ಕಳಚಿ ಹಿಮದಲ್ಲಿ ಬಿತ್ತು, ಕೈಗವಸು ಕಿತ್ತು ಕಾಲನ್ನು ಹುಡುಕಿದ, ತೂತಿಗೆ ಇಟ್ಟು ಎಡಕ್ಕೆ ಕಾಲು ಸುತ್ತು ತಿರುಗಿಸಿದ, ಕೂತಿತು, ಬಿಟ್ಟರೆ ಮತ್ತೆ ಬೀಳುತ್ತದೆ, ಹೆಬ್ಬೆರಳಿಂದ ಒತ್ತಿ ಹಿಡಿದು, ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಹೋಗಿ ಕಾಲುದಾರಿಯ ಪಕ್ಕ ನಿಲ್ಲಿಸಿದ. ಮನೆಯೊಳಗೆ ಸೋಫಾ ಬೆಚ್ಚಗಿತ್ತು. ಎಚ್ಚರವಾದಾಗ ಹೊರಗೆ ಗಲಾಟೆ, ಯಾವನ್ರೀ ಇವನು ಜೀಪು ನಿಲ್ಸಿರೋದು, ಆಂಡಿ ಪೆಟ್ರಿಲಾ ಗುಡ್ಡದ ಬುಡದಲ್ಲೆಲ್ಲೋ ಕಾರು ಬಿಟ್ಟು ನೂರ ನಲವತ್ತೆರಡು ಮೆಟ್ಟಿಲು ಹತ್ತಿ ಬಂದು ನಿಂತಿದ್ದ, ಮೀಸೆಯಲ್ಲಿ ಮಂಜುಗಡ್ಡೆ, ಪರದೆಯ ಸಂದಿಯಿಂದ ರೀಜಿಸ್ ನೋಡಿದ, ಆ ಮೀಸೆ, ಆ ಕುರ್ಚಿ, ತನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣದ ಒಂದು ಚಕ್ಕೆ.

ಸುಳ್ಳು ಹೇಳಬೇಕೆಂದು ಹೊರಟಿರಲಿಲ್ಲ, ಸುಳ್ಳೇ ಎದುರು ಬಂತು. ಭಾನುವಾರ ಬೆಳಿಗ್ಗೆ ಬೀದಿಯೆಲ್ಲ ಚರ್ಚಿನಲ್ಲಿದ್ದಾಗ ಜೀಪು ತೆಗೆದು, ಕುರ್ಚಿಯನ್ನು ಅದೇ ಹೆಬ್ಬೆರಳಲ್ಲಿ ಒತ್ತಿ ತಂದು ಮೊದಲಿದ್ದ ಕಡೆ ಇಟ್ಟು, ಜೀಪನ್ನು ಅಂಗಡಿಗೆ ಮುಟ್ಟಿಸಿ ನಡೆದು ಬರುವಾಗ ಚರ್ಚಿನ ಬಾಗಿಲಲ್ಲಿ ಎಲ್ಲರೂ ಜೀಪಿನ ಒಡೆಯನಿಗೆ ಶಾಪ ಹಾಕುತ್ತ ನಿಂತಿದ್ದರು, ಯಾರದೋ ಕಂಕುಳಲ್ಲಿ ಪತ್ರಿಕೆ, ಪತ್ರಿಕೆಯಲ್ಲಿ ಲೂಸಿಯಾನಾದಿಂದ ಹೊಸದಾಗಿ ಬಂದ ಆಟಗಾರ, ಅವನ ಹಿಂದೆ ಕಪ್ಪು ಜೀಪು. ನಾನು ನೋಡಿದೆ ಅವನನ್ನ, ಅಂದ ರೀಜಿಸ್, ಇವನೇ, ಪಾಪ ಬಿಸಿಲು ನಾಡಿನೋನು, ಕುರ್ಚಿ ಕಾನೂನು ಗೊತ್ತಿಲ್ಲ, ಚೆನ್ನಾಗಿ ಉಗಿದೆ, ಈಗ್ತಾನೇ ಹೋದ. ಅಷ್ಟೇ ಹೇಳಿ ನಿಲ್ಲಿಸಿದ್ದರೆ ಆಗುತ್ತಿತ್ತು, ಆದರೆ ಆಂಡಿ ಪೆಟ್ರಿಲಾ ಕೈ ಹಿಡಿದುಕೊಂಡುಬಿಟ್ಟ, ನೀನು ಮನುಷ್ಯ ಕಣೋ ಅಂದ, ಆಗ ಒಂದು ಮಾತು ಹೆಚ್ಚು ಹೊರಬಿತ್ತು — ಕುರ್ಚೀನ ಅವನ ಕೈಯಿಂದ್ಲೇ ವಾಪಸ್ ಇಡಿಸ್ದೆ, ನಾನು ಬೆರಳು ಕೂಡ ತಾಗಿಸ್ಲಿಲ್ಲ, ಇನ್ನೊಬ್ರ ಕುರ್ಚಿ ಮುಟ್ಟೋ ಜನ ಅಲ್ಲ ನಾವು. ಆಮೇಲೆ ಕತೆ ತಾನೇ ಬೆಳೆಯಿತು, ಮೊದಲ ವರ್ಷ ಫಾಂಟನೋ ಆರಡಿ ಮೂರಂಗುಲವಿದ್ದ, ಅವನು ತಂಡದ ನಾಯಕನಾದ ವರ್ಷ ಆರಡಿ ಎಂಟಂಗುಲವಾದ, ಮೊದಲು ಕ್ಷಮಿಸಿ ಅಂದಿದ್ದವನು ಆಮೇಲೆ ಅತ್ತ, ಎರಡು ಸಾವಿರದ ಇಸವಿಯ ಹೊತ್ತಿಗೆ ಅಕ್ಕಪಕ್ಕದ ಎರಡು ಜಾಗದ ಹಿಮವನ್ನೂ ತೋಡಿಕೊಟ್ಟು ಹೋಗಿದ್ದ, ಮದುವೆಯಲ್ಲಿ, ಸಾವಿನಲ್ಲಿ, ಬಾರಿನಲ್ಲಿ, ಹೇಳೋ ರೀಜ್, ಗೂಳೀನ ಹೇಗೆ ಕಟ್ಟಿಹಾಕ್ದೆ ಹೇಳೋ, ಹೇಳಿ ಹೇಳಿ ಕೆಲವು ಬಾರಿ ಇವನಿಗೇ ಆ ದೃಶ್ಯ ಕಾಣುತ್ತಿತ್ತು, ಬರೀ ಕುರ್ಚಿಯ ಹತ್ತಿರ ಬಂದಾಗ ಮಾತ್ರ ಹೆಬ್ಬೆರಳು ಜುಮ್ ಎನ್ನುತ್ತಿತ್ತು. ಆಂಡಿ ತೀರಿಹೋದ. ಅವನ ಹೆಂಡತಿ, ಪೆಟ್ರಿಲಾ ಅಜ್ಜಿ, ಪ್ರತಿ ಈಸ್ಟರಿಗೂ ಒಂದು ಅಕ್ರೋಟಿನ ಸುರುಳಿ ರೊಟ್ಟಿ ಬೇಯಿಸಿ ತಂದು ಕೊಡುತ್ತಾಳೆ, ಮೂವತ್ತೊಂದು ಈಸ್ಟರು, ಮೂವತ್ತೊಂದು ರೊಟ್ಟಿ, ತಗೋ ರೀಜಿಸ್, ನೀನು ಮಾಡಿದ್ದಕ್ಕೆ. ಮಾಡಿದ್ದು ಏನು ಅಂತ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಅದನ್ನು ಇವನು ಗಮನಿಸಿದ್ದಾನೆ, ಹದಿನಾಲ್ಕನೆಯ ರೊಟ್ಟಿಯಿಂದ ಗಮನಿಸುತ್ತಿದ್ದಾನೆ, ಮಾರ್ಲೀನ್ ಚಪ್ಪರಿಸಿ ತಿನ್ನುತ್ತಾಳೆ, ಇವನಿಗೆ ಅದು ಮರದ ಪುಡಿಯ ರುಚಿ.

ಬಂದ. ಬಂದೇಬಿಟ್ಟ, ಗುಡ್ಡ ಹತ್ತಿದ ಕಾರಿನ ಬಾಗಿಲಿನಿಂದ ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ಎರಡಕ್ಕೂ ಪಟ್ಟಿ, ಆಮೇಲೆ ಇಡೀ ಫಾಂಟನೋ, ಬೀದಿ ಹೋ ಎಂದಿತು, ಜನ ರೀಜಿಸ್‌ನನ್ನು ಮೆಟ್ಟಿಲಿಂದ ಎಬ್ಬಿಸಿ ಕೈಯಿಂದ ಕೈಗೆ ದಾಟಿಸುತ್ತ ಮುಂದೆ ತಳ್ಳಿದರು, ತಟ್ಟೆ ಎಲ್ಲಿ ಹೋಯಿತೋ. ಆರಡಿ ಮೂರಂಗುಲವೇ. ರೀ ನಗ್ರೀ, ಬೆವರ್ತಿದ್ದೀರ, ಎಂದಳು ಮಾರ್ಲೀನ್. ಹೆಡ್‌ಫೋನಿನ ಹೆಂಗಸು ಮೈಕು ಚಾಚಿ, ಲಾಮಾರ್, ತೊಂಬತ್ತಮೂರರ ಹಿಮದಲ್ಲಿ ಈ ಬೀದೀಲಿ ನಡೆದದ್ದು ನೆನಪಿದ್ಯಾ, ಇವರ ಮುಖ ನೆನಪಿದ್ಯಾ ಎಂದಳು, ಆಗ ಮೇಲಿನ ತಂತಿಯ ಮೇಲೊಂದು ಪಾರಿವಾಳ ಕಾಲು ಬದಲಿಸಿದ್ದೂ ರೀಜಿಸ್‌ಗೆ ಕೇಳಿಸಿತು, ಚೆಟ್ ಅಗಿಯುವುದು ನಿಲ್ಲಿಸಿದ್ದ. ಫಾಂಟನೋ ಆ ಹೆಂಗಸನ್ನು ನೋಡಿದ, ಕ್ಯಾಮೆರಾ ನೋಡಿದ, ರೀಜಿಸ್‌ನನ್ನು ನೋಡಿದ, ಆಮೇಲೆ ಬಾಯಿತುಂಬ ನಕ್ಕು, ಇವ್ರನ್ನ ಮರೆಯೋದುಂಟಾ ಅಂದ, ನಮ್ಮಮ್ಮ ಕೂಡ ಅಷ್ಟು ಬೈದಿಲ್ಲ ನನ್ನ! ಬೀದಿ ಸ್ಫೋಟಿಸಿತು. ಅಪ್ಪಿಕೊಂಡ, ಪುದೀನ ವಾಸನೆ, ಆ ಹೆಗಲ ಕತ್ತಲೆಯಲ್ಲಿ ಕಿವಿಯ ಹತ್ತಿರ ಪಿಸುಗುಟ್ಟಿದ — ಊರೂರಲ್ಲೂ ನಂದು ಇಂಥ ಹತ್ತು ಕತೆ ಇವೆ ಅಣ್ಣ, ಎಲ್ಲಕ್ಕೂ ಹೂಂ ಅಂದ್ಬಿಡ್ತೀನಿ, ಜನ ಖುಷಿ ಪಡ್ತಾರೆ, ನಂದೇನ್ ಹೋಗತ್ತೆ. ಬದುಕಿದೆ. ಬದುಕಿದೆನಾ? ಇಷ್ಟು ಸುಲಭಕ್ಕೆ ಯಾಕೆ ಬಿಟ್ಟ, ಸುಲಭವಾಗಿ ಬಿಡುವ ಬಾಗಿಲಿನ ಹಿಂದೆ ಇನ್ನೊಂದು ಬಾಗಿಲಿರುತ್ತದೆ, ಮತ್ತೆ ಹೆಡ್‌ಫೋನಿನ ಹೆಂಗಸು ಹಾಳೆಗಳನ್ನು ಎತ್ತಿ ತೋರಿಸುತ್ತಿದ್ದಾಳೆ, ಈ ಕತೆ ನಮಗೆ ಬರೆದು ಕಳಿಸಿದ್ದು ಯಾರು ಗೊತ್ತಾ, ಕೈಯಲ್ಲಿ ಬರೆದ ಮೂರು ಪುಟ, ಲಾಮಾರ್‌ನ ಕರೆಸಿ, ಕುರ್ಚಿ ನಾನು ಕೊಡ್ತೀನಿ, ರೀಜಿಸ್ ಪಕ್ಕದಲ್ಲೇ ಇರಬೇಕು ಅಂತ, ಎನ್ನುತ್ತ ಕೈ ಚಾಚಿದಳು, ಚೆಟ್‌ನ ಕಡೆಯಲ್ಲ, ಚೆಟ್‌ನನ್ನು ದಾಟಿ, ಊರುಗೋಲು ಹಿಡಿದು ಕೆಂಪು ಕುರ್ಚಿಯ ಪಕ್ಕ ನಿಂತಿದ್ದ ಪೆಟ್ರಿಲಾ ಅಜ್ಜಿಯ ಕಡೆ. ಎಂಬತ್ತೊಂಬತ್ತು ವರ್ಷ, ಹೂವಿನ ಸ್ಕಾರ್ಫು, ಪಾರಿವಾಳದ ಕಣ್ಣು. ರೀಜಿಸ್ ಮಾಡಿದ್ದು ಎಲ್ರಿಗೂ ಗೊತ್ತಾಗ್ಲಿ ಅಂತ ಬರೆದೆ, ಎಂದಳು ಅಜ್ಜಿ, ಚಪ್ಪಾಳೆ, ಚೆಟ್ ಕೂಡ ತಟ್ಟುತ್ತಿದ್ದಾನೆ, ಪಾಪ ಚೆಟ್, ಅವನಿಗೆ ನಿಜವಾಗಿಯೂ ಜೀಪಿನ ಕಂಪನಿ ತಿಳಿಯಬೇಕಿತ್ತು ಅಷ್ಟೇ.

ಲಾಮಾರ್, ನೀವು ಆವತ್ತಿನ ಥರಾನೇ ಕುರ್ಚಿ ಎತ್ತಿ ಅಜ್ಜಿಗೆ ಕೊಡಿ, ಕ್ಷಮೆ ಕೇಳಿ, ಆಮೇಲೆ ಅಪ್ಪುಗೆ, ಸರೀನಾ, ಎಂದು ಹೆಡ್‌ಫೋನಿನ ಹೆಂಗಸು ಹಿಂದೆ ಸರಿದಳು, ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ, ಫಾಂಟನೋ ದೊಡ್ಡ ಕೈ ಹಾಕಿ ಕುರ್ಚಿಯ ಬೆನ್ನು ಹಿಡಿದು ಎತ್ತಿದ, ಹಿಂದಿನ ಎಡಗಾಲು ಕಳಚಿ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ, ಪುಲಾಸ್ಕಿ ಬೀದಿಯಲ್ಲವೇ, ಟಕಟಕ ಉರುಳಿತು, ಮೇಜುಗಳ ಕೆಳಗೆ, ಗೋಲ್‌ಕೀಪರಳ ಕಾಲ ನಡುವೆ, ಆ ಒಂದನ್ನು ಅವಳು ನಿಜವಾಗಿಯೂ ತಡೆಯಲು ಹೋಗಿ ಆಗದೆ ಬಿಟ್ಟಳು, ಜನ ಬಿದ್ದು ಬಿದ್ದು ನಗುತ್ತಿದ್ದಾರೆ, ಗೂಳಿ ಬಂದ್ರೆ ಕುರ್ಚಿ ಕಾಲೇ ಓಡತ್ತೆ ನೋಡ್ರೋ, ಯಾರೋ ಹಿಡಿದರು, ಕೈಯಿಂದ ಕೈಗೆ ಮೇಲೆ ಬಂತು, ಫಾಂಟನೋ ಅದನ್ನು ತೂತಿಗೆ ತುರುಕಿದ, ಬಿತ್ತು, ತುರುಕಿದ, ಬಿತ್ತು, ಹೊತ್ತಾಗ್ತಿದೆ ಎಂದು ಹೆಡ್‌ಫೋನಿನ ಹೆಂಗಸು ಕೂಗುತ್ತಿದ್ದಾಳೆ, ಕೊಡಪ್ಪ ಇಲ್ಲಿ ಎಂದ ರೀಜಿಸ್, ಬೇಗ ಮುಗಿಯಲಿ, ಇದು ಮುಗಿದರೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ಕಾಲನ್ನು ಇಟ್ಟು, ಎಡಕ್ಕೆ, ಕಾಲು ಸುತ್ತು, ಹೆಬ್ಬೆರಳು ಒತ್ತಿ, ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಎರಡು ಹೆಜ್ಜೆ ನಡೆದ, ವಾಹ್ ಎಂದ ಫಾಂಟನೋ, ನಿಮಗೆ ಚೆನ್ನಾಗಿ ಅಭ್ಯಾಸ ಇದೆ! ಜನ ಚಪ್ಪಾಳೆ ತಟ್ಟಿದರು, ಕ್ಯಾಮೆರಾದ ಕೆಂಪು ದೀಪ, ಎಲ್ಲರೂ ಇವನ ಮುಖ ನೋಡುತ್ತಿದ್ದಾರೆ, ಅಜ್ಜಿ ಒಬ್ಬಳು ಮುಖ ನೋಡುತ್ತಿಲ್ಲ, ಹೆಬ್ಬೆರಳು ನೋಡುತ್ತಿದ್ದಾಳೆ. ಹತ್ತಿರ ಬಂದಳು, ಊರುಗೋಲು ಟಕ್, ಟಕ್, ಮೈಕಿಗೆ ಕೇಳದಷ್ಟು ಮೆಲ್ಲಗೆ, ಆಂಡಿಗೆ ಎಷ್ಟು ಸಲ ಹೇಳ್ದೆ ಗೊತ್ತಾ ಈ ಕಾಲಿಗೊಂದು ಮೊಳೆ ಹೊಡೀರಿ ಅಂತ, ಬೇಡ ಕಣೇ ಅಂದ್ರು, ಆವತ್ತು ಎತ್ತಿದೋನು ಯಾವತ್ತಾದ್ರೂ ಇನ್ನೊಂದ್ಸಲ ಎತ್ತುತಾನೆ ಅಂದ್ರು. ಅಂದರೆ ಆ ಮೀಸೆಯಲ್ಲಿ ಮಂಜುಗಡ್ಡೆ ಇದ್ದವನು, ಕೈ ಹಿಡಿದು ನೀನು ಮನುಷ್ಯ ಕಣೋ ಅಂದವನು, ಆಗಲೇ ತಿಳಿದಿದ್ದನಾ — ಚರ್ಚಿನ ಬಾಗಿಲಲ್ಲೇ, ಈ ಹೆಬ್ಬೆರಳು ನೋಡಿ — ಅಜ್ಜಿ, ಎಂದ ರೀಜಿಸ್, ಎಲ್ಲಿಡ್ಲಿ ಇದನ್ನ. ಹಿಡ್ಕೊಂಡಿರು ಮಗ, ಎಂದಳು, ನಂಗೇನೂ ಅವಸರ ಇಲ್ಲ. ಹೆಡ್‌ಫೋನಿನ ಹೆಂಗಸು ಏನೋ ಕೂಗುತ್ತಿದ್ದಾಳೆ, ಕೆಳಗಿಡಿ ಅನ್ನುತ್ತಿರಬೇಕು, ಕೆಳಗಿಟ್ಟರೆ ಹೆಬ್ಬೆರಳು ತೆಗೆಯಬೇಕು, ತೆಗೆದರೆ ಕಾಲು ಬೀಳುತ್ತದೆ, ಬಿದ್ದರೆ ಉರುಳುತ್ತದೆ, ಈರುಳ್ಳಿ ಪೂರ್ತಿ ಸೀದುಹೋಯಿತು, ಯಾರಾದರೂ ಒಲೆ ಆರಿಸಬಾರದೇ, ಹೆಬ್ಬೆರಳು ನೋಯುತ್ತಿದೆ, ಒತ್ತು, ಇನ್ನೂ ಒತ್ತು, ಹಳೆಯ ಬಣ್ಣ ಪುಡಿಯಾಗುತ್ತಿದೆ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣದ ಒಂದು ಚಕ್ಕೆ, ಉಗುರಿನ ಸಂದಿಯಲ್ಲಿ, ಕೆಂಪು, ಒಂದು ಚಕ್ಕೆ —