ದೇವರ ಜಗಲಿಯ ಮೇಲಿನ ವಾಚು

ನನ್ನ ಮದುವೆಯಲ್ಲಿ ಅಪ್ಪ ಅಳಿಯನಿಗೆ ಕೊಟ್ಟ ವಾಚಿಗೆ ಚಾವಿ ಕೊಡುವ ಅಗತ್ಯವಿರಲಿಲ್ಲ. ಕಟ್ಟಿಕೊಂಡವರ ಕೈ ಆಡಿದಂತೆ ಒಳಗಿನ ಅರ್ಧಚಂದ್ರಾಕಾರದ ತೂಕವೊಂದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈಯಿಂದ ಬಿಚ್ಚಿಟ್ಟರೆ ಒಂದೆರಡು ದಿನಗಳಲ್ಲಿ ವಾಚು ನಿಲ್ಲುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದ ನನಗೆ ಇದು ಗೊತ್ತಿತ್ತು. ಆದರೆ ಧಾರವಾಡದ ನನ್ನ ಗಂಡನ ಮನೆಯಲ್ಲಿ ಆ ವಾಚನ್ನು ಯಾರೂ ಕೈಗೆ ಕಟ್ಟುತ್ತಲೇ ಇರಲಿಲ್ಲ.

ಮಾವ ಮುರುಗೆಪ್ಪನವರು ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರು. "ಬೀಗರು ಸ್ವಿಜರ್ಲ್ಯಾಂಡಿನ ವಾಚ್ ಕೊಟ್ಟಾರ. ಅದನ್ನ ಕಟಗೊಂಡು ಲೇತ್ ಮುಂದ ನಿಲ್ಲತಿಯೇನಲೇ?" ಎಂದು ಮಗನನ್ನು ಗದರಿದ್ದರು. ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ನನ್ನ ಗಂಡ ಬಸವಪ್ರಭು ತಮ್ಮ ಹಳೆಯ ವಾಚನ್ನೇ ಕಟ್ಟಿಕೊಂಡು ಹೋಗುತ್ತಿದ್ದರು. ಲಿಂಗಪೂಜೆ ಮುಗಿದ ಮೇಲೆ ಮಾವ ಹೆಬ್ಬೆರಳಿನಿಂದ ಹೊಸ ವಾಚಿಗೂ ವಿಭೂತಿ ಎಳೆಯುತ್ತಿದ್ದರು.

೧೯೯೭ರ ಶ್ರಾವಣದಲ್ಲಿ ನವಲಗುಂದದಿಂದ ಮಾವನವರ ಗೆಳೆಯರೊಬ್ಬರು ಬಂದರು. ಮಾವ ಎಂದಿನಂತೆ ವಾಚನ್ನು ತಂದು ತೋರಿಸಿದರು. ಎತ್ತಿ ತೋರಿಸುವಾಗಿನ ಅಲುಗಾಟಕ್ಕೆ ಬೇರೆ ದಿನ ಟಿಕ್‌ಟಿಕ್ ಎನ್ನುತ್ತಿದ್ದ ಅದು ಅಂದು ನಿಂತೇ ಇತ್ತು.

"ಮುರುಗೆಪ್ಪಾ, ಸ್ವಿಜರ್ಲ್ಯಾಂಡಿನ್ಯಾಗೂ ಕರೆಂಟ್ ಹೋಗತೈತೇನೋ?" ಎಂದು ಗೆಳೆಯರು ನಕ್ಕರು.

ಮಾವ ನಗಲಿಲ್ಲ. ಗೆಳೆಯರು ಹೋದ ಮೇಲೆ ನನ್ನನ್ನು ಕರೆದರು. "ಯವ್ವಾ, ನೀ ಓದಿದಾಕಿ. ಹೊಸಾ ವಾಚು. ಇನ್ನೂ ವರ್ಷ ತುಂಬಿಲ್ಲ. ಇದಕ್ಕ ಸರ್ವಿಸಿಂಗ್ ಬೇಕಾಗತದೇನು?"

"ಇಲ್ರಿ ಮಾವಾರ. ಕೈಯಾಗ ಇದ್ರ ನಡೀತೈತ್ರಿ," ಎಂದೆ. ನನ್ನ ಮಾತನ್ನು ರುಜುವಾತುಪಡಿಸಲು ಅದನ್ನು ನಾನೇ ಕಟ್ಟಿಕೊಂಡೆ.

"ಗಂಡನ ವಾಚ್ ಕಟಗೊಂಡು ರೊಟ್ಟಿ ಬಡೀತಾಳ ನಮ್ಮ ಸೊಸಿ. ಇನ್ನ ರೊಟ್ಟಿ ಟೈಮಿಗೆ ಸರಿಯಾಗಿ ಬರ್ತಾವ ಬಿಡ್ರಿ!" ಎಂದು ಅತ್ತೆ ಚೇಷ್ಟೆ ಮಾಡಿದರು.

ವಾಚು ನಡೆಯಿತು. ಆದರೆ ಆಕಾಶವಾಣಿಯ ವಾರ್ತೆಗೆ ಹೋಲಿಸಿ ನೋಡಿದಾಗ ಪ್ರತಿದಿನವೂ ಹಿಂದೆ ಬೀಳುತ್ತಿತ್ತು. ವಾರದ ಕೊನೆಯಲ್ಲಿ ಕೈಯಲ್ಲಿದ್ದಾಗಲೇ ನಿಂತಿತು. ಹೆಸರಾಂತ ಕಂಪನಿಯ ಹೊಸ ವಾಚಿಗೆ ಹೀಗಾಗಬಾರದು. ಹುಬ್ಬಳ್ಳಿಯ ದೊಡ್ಡ ಶೋರೂಮಿಗೆ ತಾವೇ ಒಯ್ಯುವುದಾಗಿ ಮಾವ ಹೊರಟು ನಿಂತರು. ನನಗೇಕೋ ಅಳುಕಾಯಿತು. ಹುಬ್ಬಳ್ಳಿಯಲ್ಲೇ ಇರುವ ತವರಿಗೆ ಹೋಗುವುದಿದೆ, ಅಲ್ಲೇ ಕೇಶ್ವಾಪುರದಲ್ಲಿ ಪರಿಚಯದವರಿಗೆ ಮೊದಲು ತೋರಿಸುತ್ತೇನೆ ಎಂದು ಹೇಳಿ ವಾಚನ್ನು ತೆಗೆದುಕೊಂಡು ಹೊರಟೆ.

ಕೇಶ್ವಾಪುರದಲ್ಲಿ ಶಾಬುದ್ದೀನ ಕಾಕಾ ನಮ್ಮ ತವರುಮನೆಯ ಗೋಡೆಗಡಿಯಾರವನ್ನು ಬಹಳ ವರ್ಷಗಳಿಂದ ರಿಪೇರಿ ಮಾಡುತ್ತಿದ್ದರು. ವಾಚಿನ ಬೆನ್ನಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಮತ್ತೆ ಮುಚ್ಚಿದರು.

"ತಂಗೀ, ಇದು ಡುಪ್ಲಿಕೇಟ್ ಮಾಲು. ಮ್ಯಾಲ ಹೆಸರು ಒಂದು, ಒಳಗಿನ ಮಶೀನ್ ಇನ್ನೊಂದು."

"ಹೊಸಾದೈತಲ್ರಿ ಕಾಕಾ. ಸರ್ವಿಸಿಂಗ್ ಬೇಕೇನ್ರಿ?"

"ಹೊಸಾದ ಇದ್ರೇನಾತು? ಎಣ್ಣಿ ಹಾಕಬೇಕಾದಲ್ಲಿ ಹಾಕಿಲ್ಲ, ಬ್ಯಾಡಾದಲ್ಲಿ ಸುರುವ್ಯಾರ. ತೊಳೆದು ಎಣ್ಣಿ ಕೊಟ್ರ ಛಲೋ ನಡೀತೈತಿ. ಹಂಗ ಬಿಟ್ರ ಚಕ್ಕರ ಸವದು ಹೋಗತಾವ. ಮತ್ತ ಇದೇನು, ಒಳಗ ಬಿಳೀ ಪುಡಿ?"

"ವಿಭೂತಿರಿ."

ಅವರು ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದರು. "ವಾಚಿಗೆ?"

ರಿಪೇರಿ ಮಾಡಿಕೊಡಿ ಎಂದರೆ ಒಪ್ಪಲಿಲ್ಲ. ಡುಪ್ಲಿಕೇಟ್ ವಾಚಾದರೆ ಮಾಲೀಕನನ್ನು ಎದುರಿಗೆ ಕೂರಿಸಿ, ಒಳಗಿನ ಯಂತ್ರವನ್ನು ತೋರಿಸಿದ ಮೇಲೆಯೇ ಅವರು ಕೆಲಸಕ್ಕೆ ಕೈ ಹಾಕುತ್ತಿದ್ದರು. "ನಾಳೆ ನಿಮ್ಮ ಮಾವಾರು ಬ್ಯಾರೆ ಕಡೆ ತೆರಿಸಿದ್ರ ಏನಂತಾರ? ಶಾಬುದ್ದೀನ ಅಸಲಿ ಮಶೀನ್ ಕದ್ದು ನಕಲಿ ಹಾಕ್ಯಾನ ಅಂತಾರ. ಎರಡ ಸರ್ತಿ ಅನಿಸಿಕೊಂಡೇನವ್ವಾ."

ನ್ಯಾಯವಾದ ಮಾತು. ಆದರೆ ಮಾವನವರನ್ನು ಅಲ್ಲಿ ಕೂರಿಸುವುದೆಂದರೆ ಅಪ್ಪನ ಮಾನವನ್ನು ಅವರೆದುರು ಬಿಚ್ಚಿಟ್ಟಂತೆ. ಮೋಸ ಹೋದದ್ದು ಅಪ್ಪನಿಗೂ ಗೊತ್ತಿರಲಾರದು ಎಂದೇ ನಾನು ಭಾವಿಸಿದ್ದೆ.

ಅಪ್ಪ ಉಳವಪ್ಪ ಅರಳೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರು. ನಾನು ಮನೆ ತಲುಪಿದಾಗ ಅವರು ಆಗಷ್ಟೇ ಕೆಲಸದಿಂದ ಬಂದು ಅಂಗಿಗೆ ಹತ್ತಿದ್ದ ಅರಳೆಯ ಎಳೆಗಳನ್ನು ಆರಿಸಿ ತೆಗೆಯುತ್ತಿದ್ದರು. ಶಾಬುದ್ದೀನ ಕಾಕಾ ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ.

"ನನಗ ಗೊತ್ತಿತ್ತವ್ವಾ. ಮುಂಬೈದಾಗ ಫುಟ್‌ಪಾತಿನ ಮ್ಯಾಲ ತಗೊಂಡೆ. ಬೀಗರು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ರ ಇಷ್ಟಾಗತದ, ಇಷ್ಟಾಗೂದಿಲ್ಲ ಅಂತಿದ್ದೆ. ಕೇಳದ ಮಂದಿಗೆ ಸಣ್ಣದು ಕೊಡಾಕ ನಾಚಿಕಿ ಬಂತು."

"ಇರಲಿ ಬಿಡಪ್ಪಾ. ನಿಂತಿದ್ದು ನಿಂತಿರಲಿ. ನಾನ ಏನರ ಹೇಳತೇನಿ," ಎಂದೆ.

"ನೀ ಏನು ಹೇಳತಿ? ಆ ಮನ್ಯಾಗ ಬಾಳೂವಾಕಿ ನೀನು." ಅಪ್ಪ ಎದ್ದು ಒಗೆದ ಅಂಗಿ ಹಾಕಿಕೊಂಡರು. "ನಡಿ."

ಧಾರವಾಡದ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ಬೈರಿದೇವರಕೊಪ್ಪ ದಾಟಿದ ಮೇಲೆ ಒಮ್ಮೆ ಮಾತ್ರ, "ಅಳಿಯಾ ಮನ್ಯಾಗ ಇರ್ತಾರೇನು?" ಎಂದು ಕೇಳಿದರು. ಇರುತ್ತಾರೆ ಎಂದೆ.

ಮಾವ ಸಂಭ್ರಮದಿಂದ ಸ್ವಾಗತಿಸಿದರು. "ಬರ್ರಿ ಬೀಗರ, ಕುಂಡ್ರಿ! ಚಹಾ ಮಾಡ್ರಿ ಲಗೂನ!"

ಅಪ್ಪ ಕೂರಲಿಲ್ಲ. "ಬೀಗರ, ಆ ವಾಚ್ ಸ್ವಿಜರ್ಲ್ಯಾಂಡಿಂದಲ್ರಿ. ಡುಪ್ಲಿಕೇಟ್ ಐತಿ. ಗೊತ್ತಿದ್ದೂ ಕೊಟ್ಟೆ. ನನ್ನ ಮಗಳಿಗೆ ಇವತ್ತಿನ ತನಕಾ ಗೊತ್ತಿರಲಿಲ್ಲ. ಆಕೀಗೆ ಏನೂ ಅನಬ್ಯಾಡ್ರಿ."

ಮಾವ ಜಗಲಿಯ ಮೇಲಿನ ಖಾಲಿ ಜಾಗವನ್ನು ನೋಡಿದರು. ಮುಖ ಕಪ್ಪಿಟ್ಟಿತು. "ನಾ ಅದನ್ನ ಪೂಜಿ ಮಾಡಿದ್ನಲ್ರೀ! ಊರ ಮಂದಿಗೆಲ್ಲಾ ತೋರಿಸಿದ್ನಲ್ರೀ!"

"ಪೂಜಿ ಮಾಡ್ರಿ ಅಂತ ಬೀಗರು ಹೇಳಿದ್ರೇನು?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕಟಗೊಳ್ಳೂ ಹುಡುಗಗ ಕಟಗೊಳ್ಳಾಕ ಬಿಡಲಿಲ್ಲ ನೀವು."

ಬಸವಪ್ರಭು ನನ್ನ ಕೈಯಿಂದ ವಾಚನ್ನು ತೆಗೆದುಕೊಂಡು ಕಿವಿಗೆ ಹಿಡಿದರು. "ರಿಪೇರಿ ಆಗತೈತಂತೇನು?"

ಆಗುತ್ತದೆ ಎಂದೆ. ಮಾಲೀಕ ಎದುರಿಗಿರಬೇಕೆಂಬುದನ್ನು ಹೇಳಿದೆ. ಒಳಗೆ ವಿಭೂತಿ ಸೇರಿರುವುದನ್ನೂ ಹೇಳಿದೆ. ಹೇಳದೆ ಬಿಟ್ಟರೆ ತಪ್ಪೆಲ್ಲವೂ ಅಪ್ಪನ ಮೇಲೆಯೇ ಉಳಿಯುತ್ತಿತ್ತು.

"ಇಭೂತಿ ಒಳಗ ಹೋಗೇತಿ?" ಮಾವ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಅಪ್ಪನ ಮುಂದೆ ಇಟ್ಟ ಚಹಾ ಆರಿತು. ಅದನ್ನು ಒಳಗೆ ಒಯ್ಯಲು ನಾನು ಬಗ್ಗಿದಾಗ ಮಾವ, "ಬಿಸೀದು ತಾ," ಎಂದರು. ಅಷ್ಟೇ.

ಅಪ್ಪ ಆ ರಾತ್ರಿ ಅಲ್ಲೇ ಉಳಿದರು. ಮರುದಿನ ಮಾವ, ಅಪ್ಪ, ಬಸವಪ್ರಭು, ನಾನು ನಾಲ್ವರೂ ಕೇಶ್ವಾಪುರಕ್ಕೆ ಹೋದೆವು. ಮಾವ ದಾರಿಯಲ್ಲಿ ಅಪ್ಪನೊಡನೆ ಮಾತನಾಡಲಿಲ್ಲ. ಶಾಬುದ್ದೀನ ಕಾಕಾ ವಾಚು ತೆರೆದು, ಭೂತಗನ್ನಡಿಯನ್ನು ಮುಂದಕ್ಕೆ ಹಿಡಿದರು. "ಮಾಲಕರು ಯಾರು? ನೋಡಕೊಳ್ರಿ. ಆಮ್ಯಾಲ ನನಗ ಅನಬ್ಯಾಡ್ರಿ."

ಬಸವಪ್ರಭು ನೋಡಿ ತಂದೆಗೆ ಕೊಟ್ಟರು. ಮಾವ ಅಂಗಡಿಯ ಉದ್ದನೆಯ ಸ್ಟೂಲಿನ ಮೇಲೆ ಕುಳಿತು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಒಳಗೆ ಒಂದು ಪುಟ್ಟ ಚಕ್ರ ಆಗಲೂ ನಿಲ್ಲುತ್ತ, ಹೊರಳುತ್ತ ತೊನೆದಾಡುತ್ತಿತ್ತು.

"ಭಾಳ ಸಣ್ಣ ಕೆಲಸ ಐತಿ," ಎಂದರು ಮಾವ ತಮ್ಮಷ್ಟಕ್ಕೇ. ಆಮೇಲೆ ಹಿಂದೆ ನಿಂತಿದ್ದ ಅಪ್ಪನ ಕಡೆ ತಿರುಗಿ ಭೂತಗನ್ನಡಿ ಚಾಚಿದರು. "ಬರ್ರಿ ಬೀಗರ, ನೀವೂ ನೋಡ್ರಿ."

ಅಪ್ಪ ಅದನ್ನು ತಲೆಕೆಳಗಾಗಿ ಕಣ್ಣಿಗಿಟ್ಟುಕೊಂಡರು. ಮಾವ ಅದನ್ನು ತಿರುಗಿಸಿ ಸರಿಯಾಗಿ ಹಿಡಿಸಿ, ತಾವು ಸ್ಟೂಲಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟರು.